ಅಕ್ಕನನ್ನು ಹೊಸಿಲಿನಾಚೆಯಿಂದಲೇ ಕಳಿಸಿದ್ದು

ಗಂಡ ಸತ್ತ ಮೇಲೂ ಅಕ್ಕ ತವರಿಗೆ ಬರಲಿಲ್ಲ ಎಂದು ನಮ್ಮವರೆಲ್ಲ ಈಗಲೂ ನಂಬಿದ್ದಾರೆ. ಅವಳು ಬಂದಿದ್ದಳು. ತಿರುಗಿ ಕಳಿಸಿದವಳು ನಾನು. ನಾನು ಓದಿದ್ದು ಮೂರನೇ ಕ್ಲಾಸು, ಬರೆದು ಅಭ್ಯಾಸವಿಲ್ಲ. ಬಾಯಿಬಿಟ್ಟು ಹೇಳಲು ಇಷ್ಟು ವರ್ಷ ಆಗದ್ದರಿಂದ ಬರೆಯುತ್ತಿದ್ದೇನೆ.

ವೇಮಗಲ್ ಹತ್ತಿರದ ನಮ್ಮೂರಿನಲ್ಲಿ ಹೆಚ್ಚಿನ ಮನೆಗಳಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. ನಾವಿಬ್ಬರೇ ಹೆಣ್ಣುಮಕ್ಕಳು, ಗಂಡುಮಕ್ಕಳಿರಲಿಲ್ಲ. ಅಕ್ಕ ಹುಳು ಹರಡಿದ ಬಿದಿರು ತಟ್ಟೆಯ ಮೇಲೆ ಅಂಗೈ ಹಿಡಿದು, ಅವಕ್ಕೆ ಸೆಕೆಯೋ ಹಸಿವೋ ಹೇಳುತ್ತಿದ್ದಳು. ಅಮ್ಮ ಪಕ್ಕದ ಮನೆಯವರಿಗೆ, "ಹುಳ ಸಾಕೋದು ನಮ್ಮ ದೊಡ್ಡೋಳು ಕಣಮ್ಮ. ಚಿಕ್ಕೋಳು ತಿನ್ನೋದ್ರಲ್ಲಿ ಹುಳಾನೇ ಮೀರಿಸ್ತಾಳೆ" ಎನ್ನುತ್ತಿದ್ದಳು. ಅಕ್ಕ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಆಮೇಲೆ ಜಪಾನಿನ ರೇಷ್ಮೆ ಬಂದು ನಮ್ಮ ಗೂಡು ಕೇಳುವವರಿಲ್ಲದಂತಾಯಿತು. ಅಪ್ಪ ಹಿಪ್ಪುನೇರಳೆ ಕಿತ್ತು ರಾಗಿ ಹಾಕಿದ. ಅಕ್ಕನನ್ನು ಮುಳಬಾಗಿಲು ಸೀಮೆಗೆ, ದೇವರಾಯಸಮುದ್ರದ ಆಚೆಯ ಒಂದು ಹಳ್ಳಿಗೆ ಕೊಟ್ಟರು. ಅಲ್ಲಿ ಮನೆಮಾತು ತೆಲುಗು. ಹುಳು ಎಂದರೆ ಮೂಗು ಮುಚ್ಚಿಕೊಳ್ಳುವ ಜನ. ಅವಳಿಗೆ ಮಕ್ಕಳಾಗಲಿಲ್ಲ. ಕೆಲವು ವರ್ಷಗಳ ಮೇಲೆ ನನಗೆ ಮನೆಅಳಿಯನನ್ನು ತಂದು ಊರಲ್ಲೇ ಉಳಿಸಿಕೊಂಡರು.

ಯುದ್ಧ ಬಂದು ರೇಷ್ಮೆಗೆ ಮತ್ತೆ ಬೇಡಿಕೆ ಹುಟ್ಟಿತು. ವಿಮಾನದಿಂದ ಧುಮುಕುವ ಸಿಪಾಯಿಗಳ ಕೊಡೆಗೆ ಬೇಕಂತೆ ಎಂದು ಊರಲ್ಲಿ ಹೇಳಿಕೊಂಡು ನಗುತ್ತಿದ್ದರು. ಅಪ್ಪ ಮತ್ತೆ ಹಿಪ್ಪುನೇರಳೆ ಕಡ್ಡಿ ನೆಟ್ಟ. ಹುಳುಮನೆ ನನ್ನ ಕೈಗೆ ಬಂತು. ಅಮ್ಮ ನನ್ನನ್ನು ಕೇಳಿ ಕೆಲಸ ಮಾಡಿದ್ದು ಆಗಲೇ ಮೊದಲು.

ಹಾಗಿರುವಾಗ ಒಂದು ಬೇಸಿಗೆಯಲ್ಲಿ ಭಾವ ಸಿಡುಬಿನಿಂದ ತೀರಿಕೊಂಡ ಸುದ್ದಿ ಬಂತು. ಸಿಡುಬಿದ್ದ ಊರಿಗೆ ಯಾರೂ ಹೋಗುವಂತಿರಲಿಲ್ಲ. ಕರ್ಮ ಮುಗಿದ ಮೇಲೆ ಬಂದುಬಿಡು, ಇಲ್ಲೇ ಇರು ಎಂದು ಅಮ್ಮ ಒಬ್ಬ ದನದ ವ್ಯಾಪಾರಿಯ ಹತ್ತಿರ ಅಕ್ಕನಿಗೆ ಹೇಳಿಕಳಿಸಿದಳು. ಸಿಡುಬಿನ ಮನೆಯವರು ಹುಳುಮನೆಗೆ ಕಾಲಿಟ್ಟರೆ ಹುಳು ಕೆಡುತ್ತದೆ ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಅದಕ್ಕೆ ದಾರಿಯೂ ಇತ್ತು. ಬೇವು, ಅರಿಸಿನದ ನೀರಿನಲ್ಲಿ ಮಿಂದು, ಹುಳು ಗೂಡು ಕಟ್ಟುವವರೆಗೆ ಕೊಟ್ಟಿಗೆಯಲ್ಲಿ ಇದ್ದರಾಯಿತು. ಅಮ್ಮ ಕೊಟ್ಟಿಗೆಯ ಮೂಲೆ ಸಾರಿಸಿ ಚಾಪೆ ಹಾಕಿಟ್ಟಿದ್ದಳು. ಇದೆಲ್ಲ ನನಗೆ ಗೊತ್ತಿತ್ತು.

ಅಕ್ಕ ಬಂದ ದಿನ ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆಯಿಂದ ಎದ್ದು, ಹಾಕಿದ ಸೊಪ್ಪನ್ನೆಲ್ಲ ತಿನ್ನುತ್ತಿದ್ದವು. ಮನೆಯವರೆಲ್ಲ ಸೊಪ್ಪಿಗೆ ತೋಟಕ್ಕೆ ಹೋಗಿದ್ದರು. ಅವಳು ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಕೋಲಾರಕ್ಕೆ ಬಂದು ಅಲ್ಲಿಂದ ನಡೆದು ಬಂದಿದ್ದಳು. ಹೊಸಿಲಿನಿಂದ ಎರಡು ಮಾರು ದೂರದಲ್ಲಿ ತಾನಾಗಿಯೇ ನಿಂತಳು.

"ಏಮೇ, ಬಾಗುನ್ನಾವಾ?" ಎಂದು ತೆಲುಗಿನಲ್ಲಿ ಕ್ಷೇಮ ಕೇಳಿ ತಾನೇ ನಕ್ಕಳು. "ನೋಡು, ಬಾಯಿಗೆ ಅದೇ ಬರುತ್ತೆ. ಹುಳದ ಯಜಮಾನಿ ಆಗ್ಬಿಟ್ಟಿದ್ದೀಯ!"

"ಒಳಕ್ಕೆ ಬರ್ಬೇಡಕ್ಕ."

"ಗೊತ್ತು ಕಣೇ, ಅದನ್ನ ನಿಂಗೆ ಹೇಳ್ಕೊಟ್ಟಿದ್ದೇ ನಾನು." ಕತ್ತು ಚಾಚಿ ಒಳಗೆ ನೋಡಿದಳು. "ಆ ಮೂಲೆ ತಟ್ಟೆ ತೆಳು ಮಾಡೇ. ಒಂದರ ಮೇಲೊಂದು ಬಿದ್ದವೆ. ಸಪ್ಪೆ ರೋಗ ಬಂದ್ರೆ ಎಲ್ಲಾ ಹೋಗ್ತವೆ."

ತಿರುಗಿ ನೋಡಿದೆ. ನಿಜವಾಗಿತ್ತು. ಬೆಳಗಿನಿಂದ ಎಷ್ಟೋ ಸಲ ಆ ತಟ್ಟೆಯ ಮುಂದೆ ಓಡಾಡಿದ್ದರೂ ನನಗೆ ಕಂಡಿರಲಿಲ್ಲ; ಅವಳಿಗೆ ಅಂಗಳದಿಂದಲೇ ಕಂಡಿತು. ಇವಳು ನಾಲ್ಕು ದಿನ ಕೊಟ್ಟಿಗೆಯಲ್ಲಿದ್ದು ಒಳಗೆ ಬಂದರೆ, ಮುಂದಿನ ಬೆಳೆಗೆ ಹುಳುಮನೆ ಇವಳದೇ. ನಾನು ಮತ್ತೆ ತಿನ್ನುವ ಚಿಕ್ಕವಳು.

"ಮಾರಮ್ಮ ಬಂದ ಮನೆಯೋರನ್ನ ಹಿತ್ಲಿಗೂ ಸೇರಿಸ್ಬೇಡ ಅಂತ ಅಮ್ಮ ಹೇಳವ್ಳೆ," ಎಂದೆ. "ಗೂಡು ಬಿಡಿಸಿದ್ಮೇಲೆ ನಾವೇ ಹೇಳಿ ಕಳಿಸ್ತೀವಿ."

"ಅಮ್ಮಾನೇ? ಬಾ ಅಂತ ಹೇಳಿ ಕಳ್ಸಿದ್ಲಲ್ಲೇ?"

"ಅದು ಹುಳ ಸಣ್ಣವಿದ್ದಾಗ."

"ತೋಟದಲ್ಲವ್ಳಾ? ದೂರದಿಂದ ಮುಖ ತೋರಿಸಿ ಹೋಗ್ತೀನಿ."

"ನಿನ್ನ ನೋಡಿ ಬಂದು ಅವಳು ತಟ್ಟೆ ಮುಟ್ಟಂಗಿಲ್ಲ. ಬೇಡ."

ಅವಳ ಕಂಕುಳಲ್ಲಿ ದೊಡ್ಡ ಬಟ್ಟೆಗಂಟಿತ್ತು. ಇರಲು ಬಂದವಳ ಗಂಟು. "ಅಲ್ಲಿ ನನ್ನನ್ನ ಹೊಲದ ಗುಡಿಸಲಿಗೆ ಹಾಕವ್ರೆ ಕಣೇ," ಎಂದಳು. ನಾನು ತಟ್ಟೆಗಳ ಕಡೆ ತಿರುಗಿ ಸೊಪ್ಪು ಹಾಕತೊಡಗಿದೆ. ತಲೆಯೆತ್ತಿದಾಗ ಅಂಗಳ ಬರಿದಾಗಿತ್ತು. ಅಷ್ಟು ದೂರ ನಡೆದು ಬಂದವಳನ್ನು ನೀರು ಬೇಕಾ ಎಂದೂ ಕೇಳಿರಲಿಲ್ಲ. ಆಮೇಲೆ ಆ ಮೂಲೆಯ ತಟ್ಟೆಯನ್ನು ತೆಳು ಮಾಡಿದೆ.

ಆ ಸಲ ಗೂಡು ಬಹಳ ಚೆನ್ನಾಗಿ ಬಂತು. ಅಮ್ಮ ಗೂಡೊಂದನ್ನು ಬೆರಳಲ್ಲಿ ಒತ್ತಿ ನೋಡಿ, "ಪರವಾಗಿಲ್ಲ ಕಣೇ, ನಿನ್ನ ಕೈಗುಣಾನೂ ಒಳ್ಳೇದೇ" ಎಂದಳು. ಕೊಟ್ಟಿಗೆಯ ಮೂಲೆಯನ್ನು ಮತ್ತೊಮ್ಮೆ ಸಾರಿಸಿದಳು. ನಾನು ಅಕ್ಕನಿಗೆ ಹೇಳಿಕಳಿಸಲಿಲ್ಲ. ಅವಳು ಬಂದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೇ ಮಳೆಗಾಲ ಬಂತು.

ಅದೇ ದನದ ವ್ಯಾಪಾರಿ ಸುದ್ದಿ ತಂದ. ಜ್ವರ ಬಂದು ಆ ಗುಡಿಸಲಿನಲ್ಲೇ ಸತ್ತಿದ್ದಳು. ಊರವರು ನೋಡುವ ಹೊತ್ತಿಗೆ ಮೂರು ದಿನವಾಗಿತ್ತಂತೆ.

ಅಮ್ಮ ಅಳಲಿಲ್ಲ. "ಕರೆದ್ರೂ ಬರ್ಲಿಲ್ಲ. ಹೆತ್ತೋಳು ಬೇಡ ಅಂದೋಳಿಗೆ ನಾನ್ಯಾಕೆ ಅಳ್ಲಿ?" ಎಂದಳು. ಪಿತೃಪಕ್ಷದಲ್ಲಿ ಸತ್ತವರಿಗೆಲ್ಲ ಎಡೆ ಇಡುವಾಗ ಅಕ್ಕನಿಗೆ ಇಡಲಿಲ್ಲ. ಅಪ್ಪ ಕೇಳಿದ್ದಕ್ಕೆ, "ಬದುಕಿದ್ದಾಗ ಬರದೋಳು ಈಗ ಉಣ್ಣೋಕೆ ಬರ್ತಾಳಾ?" ಎಂದಳು. ಎಡೆಗೆ ಅನ್ನ ಬಡಿಸುತ್ತಿದ್ದವಳು ನಾನೇ. ಇನ್ನೊಂದು ಎಲೆ ಹಾಕಲು ನನಗೆ ಧೈರ್ಯ ಬರಲಿಲ್ಲ. ವರ್ಷವರ್ಷವೂ ಹೀಗೇ ಆಯಿತು.

ಅಮ್ಮ ಹಾಸಿಗೆ ಹಿಡಿದಾಗ ನೋಡಿಕೊಂಡವಳೂ ನಾನೇ. ನೋಡಲು ಬಂದವರ ಮುಂದೆಲ್ಲ ನನ್ನನ್ನು ಹೊಗಳುತ್ತಿದ್ದಳು. ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದಾಗ, ನನ್ನ ಕೈ ಹಿಡಿದುಕೊಂಡು, "ಮೇಲೆ ಹೋದ್ಮೇಲೆ ಅಲ್ಲಿ ನಿಮ್ಮಕ್ಕ ಎದುರಿಗೆ ಬಂದ್ರೂ ಮಾತಾಡ್ಸಲ್ಲ ನಾನು," ಎಂದಳು.

ಹೇಳಲು ನನಗೆ ಅದಕ್ಕಿಂತ ಒಳ್ಳೆಯ ಸಮಯ ಮತ್ತೆ ಸಿಗುತ್ತಿರಲಿಲ್ಲ.

"ಗಂಜಿ ಆರೋಗ್ತದೆ, ಕುಡಿಯಮ್ಮ," ಎಂದೆ.