ಎರಡರಷ್ಟು ತೋರಿಸುವ ಚೂರು

ನನ್ನ ಚೀಲದಲ್ಲಿ ಯಾವಾಗಲೂ ಎರಡು ಲೋಹದ ತುಂಡುಗಳಿರುತ್ತವೆ. ಒಂದು, ಮೆಟ್ಟಿಲು ಮೆಟ್ಟಿಲಾಗಿ ಕಡೆದ ಉಕ್ಕು. ಪ್ರತಿ ಮೆಟ್ಟಿಲಿನ ದಪ್ಪ ಮೊದಲೇ ಗೊತ್ತಿರುವುದರಿಂದ ದಪ್ಪ ಅಳೆಯುವ ಗೇಜನ್ನು ಅದರ ಮೇಲಿಟ್ಟು ಸರಿಹೊಂದಿಸುತ್ತೇನೆ. ಆಮೇಲೆ ನಾನು ಪರೀಕ್ಷಿಸಬೇಕಾದ ಬಾಯ್ಲರ್ ಕೊಳವೆಗೆ ಜೆಲ್ ಸವರಿ, ಗೇಜಿನ ತಂತಿಯ ತುದಿಯ ಪ್ರೋಬ್ ಒತ್ತಿದರೆ, ಕಿವಿಗೆ ಕೇಳದ ಶಬ್ದವೊಂದು ಒಳಮೈಗೆ ತಾಗಿ ಹಿಂದಿರುಗುತ್ತದೆ. ಕೊಳವೆ ಎಷ್ಟು ದಪ್ಪ ಉಳಿದಿದೆ ಎಂಬ ಅಂಕಿ ಮೂಡುತ್ತದೆ.

ಇನ್ನೊಂದು, ನನ್ನಣ್ಣನನ್ನು ಕೊಂದ ಕೊಳವೆಯ ಚೂರು.

ಅಣ್ಣ ಶಿರಂಗಾಲದ ಕಡೆ ಒಂದು ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದುಂಟೇ? ಗಿರಣಿಯವರು ಹಬೆ ಕೊಳವೆ ತಿರುಗುವ ಬಾಗಿನ ಮೇಲೆ ಅಂಗಿ ಹರವುತ್ತಾರೆ. ಅವನೂ ಹರವಿದ್ದ. ಹಿಂದಿನ ದಿನವಷ್ಟೇ ಯಾರೋ ಮಹಾನುಭಾವ ಬಂದು ಅಳೆದು, ಗಟ್ಟಿಯಿದೆ ಎಂದು ಹೇಳಿ ಹೋಗಿದ್ದ. ಅಣ್ಣ ಅಂಗಿ ತೆಗೆಯಲು ಕೈ ಚಾಚಿದಾಗ ಬಾಗು ಸಿಡಿಯಿತು.

ಆ ಚೂರು ತೀರಾ ತೆಳು. ಶಬ್ದ ಅದರೊಳಗೆ ಎರಡು ಸಲ ಓಡಾಡಿದ ಮೇಲಷ್ಟೇ ಮಾಮೂಲಿ ಪ್ರೋಬಿಗೆ ಸಿಗುತ್ತದೆ, ಹಾಗಾಗಿ ಗೇಜು ಇದ್ದದ್ದರ ಎರಡರಷ್ಟು ತೋರಿಸುತ್ತದೆ. ಎಲ್ಲಿಗೇ ಹೋದರೂ ಮೊದಲು ಅದಕ್ಕೆ ಪ್ರೋಬ್ ಮುಟ್ಟಿಸಿ, ಆ ಮಹಾನುಭಾವ ನಂಬಿದ್ದ ಸುಳ್ಳು ಅಂಕಿಯನ್ನು ನೋಡಿಕೊಳ್ಳುತ್ತೇನೆ. ಜನ ಪೂಜೆ ಅಂದುಕೊಂಡರೆ ಅಂದುಕೊಳ್ಳಲಿ. ಅಂಕಿ ಮೂಡುವಾಗ ಬೆನ್ನ ಹಿಂದೆ ಅಣ್ಣ ನಿಂತು ಇಣುಕಿದಂತಾಗುತ್ತದೆ. ಇಂದಿಗೂ ನನಗೆ ಭಯವಾಗುತ್ತದೆ.

ಕಳೆದ ಮಳೆಗಾಲ ಇನ್ನೊಂದು ಗಿರಣಿಗೆ ಹೋಗಿದ್ದೆ. ನಾನು ಅಳೆಯಲೆಂದು ಬಾಯ್ಲರ್ ಆರಿಸಿದ್ದರು. ಆಪರೇಟರ್ ಬನಿಯನ್ನಿನಲ್ಲಿ ನಿಂತಿದ್ದ, ಅಂಗಿ ಕೊಳವೆಯ ಬಾಗಿನ ಮೇಲಿತ್ತು.

"ಬೇಗ ಮುಗ್ಸಿ ಸಾರ್. ಭತ್ತ ನೆಂದು ಕೂತೈತೆ, ಬೆಂಕಿ ಹಾಕ್ಬೇಕು."

ಅಂಗಿಯ ಅಂಚು ಸರಿಸಿ ಪ್ರೋಬ್ ಇಟ್ಟೆ. ಹೆಚ್ಚುಕಮ್ಮಿ ನನ್ನ ಚೂರಿನ ಅಂಕಿಯೇ ಮೂಡಿತು.

"ಸಾಕಷ್ಟು ದಪ್ಪ ಐತಲ್ಲ ಸಾರ್," ಎಂದ ಅವನು.

ಕಾಗದದ ಲೆಕ್ಕಕ್ಕೆ ಸಾಕಿತ್ತು. ತೆಳು ತಗಡಿಗೆಂದೇ ಇರುವ ಪ್ರೋಬ್ ಸಿಕ್ಕಿಸಿ, ಉಕ್ಕಿನ ಮೆಟ್ಟಿಲುಗಳ ಮೇಲೆ ಗೇಜನ್ನು ಮತ್ತೆ ಸರಿಹೊಂದಿಸಿ, ಅದೇ ಜಾಗದಲ್ಲಿ ಒತ್ತಿದೆ. ಅಂಕಿ ಅರ್ಧಕ್ಕಿಳಿಯಿತು.

"ಎರಡ್ರಲ್ಲಿ ಯಾವ್ದು ನಿಜ ಸಾರ್?"

"ಕಮ್ಮಿ ಇರೋದು. ಈ ಬಾಗು ಬದಲಾಯ್ಸೋವರ್ಗೂ ಬೆಂಕಿ ಹಾಕ್ಬೇಡ. ಧಣಿ ಬೈದ್ರೆ ನನ್ನ ಹತ್ರ ಕಳ್ಸು."

ಅವನು ತಲೆಯಾಡಿಸಿ ಅಂಗಿ ತೆಗೆಯಲು ಕೈ ಚಾಚಿದ. ಬಾಯ್ಲರ್ ಆರಿದೆ ಎಂದು ಗೊತ್ತಿದ್ದೂ ನಾನು ಅವನ ರಟ್ಟೆ ಹಿಡಿದು ಎಳೆದುಬಿಟ್ಟೆ. ಇಬ್ಬರೂ ನೆಲಕ್ಕೆ ಬಿದ್ದೆವು.

"ಏನಾಯ್ತು ಸಾರ್?"

ಎದ್ದು ಹೋಗಿ ಅಂಗಿಯನ್ನು ನಾನೇ ತೆಗೆದುಕೊಟ್ಟೆ. ಅದಿನ್ನೂ ಒದ್ದೆಯಿತ್ತು.