ಬಾಗಿಲು ಹಾಕಿ ಮಾಡೋ ಶುಗರ್ ಟೆಸ್ಟ್

ಶಿವಾಜಿನಗರದ ಒಂದು ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆಗೆ ಬಂದವರಿಗೆ ವಿಷಯ ತಿಳಿಸಿ, ಧೈರ್ಯ ಹೇಳೋದು ಆಗ ನನ್ನ ಕೆಲಸ. ಒಂದು ದಿನ ಮಾನಸಿಕ ವಿಭಾಗದಿಂದ ಒಬ್ಬ ಹೆಂಗಸಿನ ಚೀಟಿ ಬಂತು: 'ಗಂಡನ ಮೇಲೆ ವಿನಾಕಾರಣ ಸಂಶಯ. ಎಚ್‌ಐವಿ ಪರೀಕ್ಷಿಸಿ.'

ಚೀಟಿ ತಂದವನು ಗಂಡನೇ. ಕಲಬುರ್ಗಿ ಕಡೆಯವನು, ಜೋಗುಪಾಳ್ಯದಲ್ಲಿ ಬಾಡಿಗೆ ರೂಮು. "ಆಕಿಗೆ ಶುಗರ್ ಟೆಸ್ಟ್ ಅಂತ ಹೇಳೀನ್ರಿ. ತಲಿ ಸರಿ ಇಲ್ಲ, ಸಹಿ ನಾನೇ ಹಾಕ್ತೀನಿ" ಅಂದ. ಆಕೆಯನ್ನು ಕೇಳದೆ ಪರೀಕ್ಷೆ ಮಾಡೋ ಹಾಗಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ಹೊರಗೆ ಜನ ಕಾಯ್ತಿದ್ರು ನೋಡಿ, "ಕರೀರಿ, ನೋಡೋಣ" ಅಂದುಬಿಟ್ಟೆ.

ಆಕೆ ಬಂದು ಕೂತಳು, ಗಂಡನೂ ಒಳಗೆ ಬಂದು ಬಾಗಿಲ ಪಕ್ಕ ನಿಂತ. ಅಭ್ಯಾಸಬಲದಿಂದ ಎದ್ದು ಬಾಗಿಲು ಹಾಕಿದೆ. ಆಕೆ ಬಾಗಿಲು ನೋಡಿದಳು, ಆಮೇಲೆ ನನ್ನನ್ನ ನೋಡಿದಳು.

"ಶುಗರ್ ನೋಡ್ಲಾಕ ಬಾಗ್ಲಾ ಯಾಕ ಮುಚ್ಚೀರಿ? ಕೆಳಗ ಎಲ್ಲಾರಿಗೂ ಸಾಲಾಗಿ ನಿಲ್ಲಿಸಿ ಚುಚ್ಚಲತ್ತಾರ."

ನನ್ನ ಮುಖ ಬಿಸಿಯಾಯ್ತು. ಇದು ಎಚ್‌ಐವಿ ಪರೀಕ್ಷೆ, ನೀವು ಬೇಡ ಅಂದ್ರೆ ಯಾರೂ ಮಾಡಲ್ಲ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಆಕೆ ಸೆರಗಿನ ಅಂಚು ಬೆರಳಿಗೆ ಸುತ್ತಿ ಬಿಚ್ಚಿ, ನನ್ನ ಕಡೆ ಕೈ ಚಾಚಿದಳು.

"ಪೆನ್ ಕೊಡ್ರಿ. ಸಹಿ ಮಾಡ್ತೀನಿ. ಆದ್ರ ಇವ್ರಿಗೂ ಚುಚ್ರಿ."

ತಿರುಗಿ ನೋಡಿದರೆ ಗಂಡ ಆಗಲೇ ಚಿಲಕಕ್ಕೆ ಕೈ ಹಾಕಿದ್ದ.

"ನನಗ ಶುಗರ್ ಇಲ್ರೀ ಮೇಡಂ" ಅಂದ.

ಅವನು ಹೋದ ಮೇಲೆ ಚೀಟಿ ಇನ್ನೊಂದ್ಸಲ ಓದಿದೆ. 'ವಿನಾಕಾರಣ' ಅನ್ನೋದರ ಕೆಳಗೆ ಡಾಕ್ಟರು ಗೆರೆ ಬೇರೆ ಎಳೆದಿದ್ದರು.