ಗುರುಮಲ್ಲಮ್ಮನ ಫ್ರೆಂಚು

೧೯೫೩ರಲ್ಲಿ ಗುಂಡ್ಲುಪೇಟೆಯ ಹೊರಗಿದ್ದ ಫ್ರೆಂಚ್ ಸಿಸ್ಟರುಗಳ ಸಣ್ಣ ಆಸ್ಪತ್ರೆಗೆ ಒಬ್ಬ ಆಯಾ ಬೇಕಾಗಿದ್ದಳು. ಹೊಸದಾಗಿ ಬಂದ ದೊಡ್ಡ ಸಿಸ್ಟರಿಗೆ ಕನ್ನಡ ಬಾರದು. ನಾಲ್ಕು ಮಾತು ಫ್ರೆಂಚ್ ಆಡಬಲ್ಲವಳಿಗೇ ಕೆಲಸ. ಗುರುಮಲ್ಲಮ್ಮ ಅದರ ಮೇಲೆ ಕಣ್ಣಿಟ್ಟಳು.

ಅವಳು ಚಾಮರಾಜನಗರದ ತವರಿನಲ್ಲಿ ಮಿಡ್ಲ್ ಸ್ಕೂಲು ಓದಿ ಇಂಗ್ಲಿಷ್ ಅಕ್ಷರ ಕಲಿತವಳು. ಇಲ್ಲಿ ಗಂಡನ ಮನೆಯಲ್ಲಿ ನೀರು ಹೊತ್ತು, ಸಗಣಿ ಬಾಚಿ, ರಾಗಿ ಬೀಸಿ, ಹೊಲದಲ್ಲಿ ಕಳೆ ಕಿತ್ತರೂ ಯಾರಾದರೂ ಕೇಳಿದರೆ ಅತ್ತೆ, "ಸೊಸೆ ಮನೇಲೇ ಅವ್ಳೆ" ಎನ್ನುತ್ತಿದ್ದಳು. ಆಸ್ಪತ್ರೆಯ ನೆಲ ಒರೆಸಿದರೆ ಅದಕ್ಕೆ ಕೆಲಸ ಎಂಬ ಹೆಸರಾದರೂ ಸಿಗುತ್ತಿತ್ತು.

ಪಾಠ ಹೇಳಿದವನು ಫ್ರೆಂಚರ ಪಾಂಡಿಚೇರಿಯಲ್ಲಿ ದುಡಿದು ಬಂದಿದ್ದ, ಅದೇ ಆಸ್ಪತ್ರೆಯ ಕಾಂಪೌಂಡರ್ ಮಂಟೇಸ್ವಾಮಿ. 'ನಾವು ತಿನ್ನುತ್ತೇವೆ' ಎನ್ನಲು 'ನೂ ಮಾಂ-ಜೊಂ'. ಅದು ಬಂತು. 'ಅವರು ತಿನ್ನುತ್ತಾರೆ' ಎನ್ನುವಲ್ಲಿ ಬರೆದದ್ದನ್ನೆಲ್ಲ ಓದಿ "ಇಲ್ ಮಾನ್-ಗೆಂಟ್" ಎಂದಳು.

"ಮಾಂಜ್, ಅಷ್ಟೇ ಕಣವ್ವ. ಕೊನೆ ಮೂರಕ್ಷರ, ಇ ಎನ್ ಟಿ, ಬರೀಬೇಕು, ಬಾಯ್ಬುಟ್ಟು ಅನ್ಬಾರ್ದು."

"ಗಂಡನ್ ಎಸ್ರಂಗಾ?"

ಮಂಟೇಸ್ವಾಮಿ ಬಿದ್ದು ಬಿದ್ದು ನಕ್ಕ. ಅಂದಿನಿಂದ ಅವಳು ಆ ಮೂರಕ್ಷರಕ್ಕೆ 'ಯಜಮಾನ್ರು' ಎಂದೇ ಹೆಸರಿಟ್ಟಳು.

ಓದಲು ಬೇರೆ ಹೊತ್ತೆಲ್ಲಿ? ರಾಗಿ ಬೀಸುವಾಗಲೇ ಅಭ್ಯಾಸ. 'ಮಾಂ' ಎಂದರೆ ಕಲ್ಲು ಒಂದು ಸುತ್ತು, 'ಜೊಂ' ಎಂದರೆ ಇನ್ನೊಂದು.

"ಯಾವ್ ದೇವ್ರ ಪದ ಕಣಮ್ಮಿ ಅದು?" ಎಂದಳು ಅತ್ತೆ.

"ಊಟದ್ದು, ಅತ್ತೆ."

"ಅಂಗಾರೆ ಬಿರ್ರನೆ ಬೀಸು."

ಪರೀಕ್ಷೆಯ ದಿನ ದೊಡ್ಡ ಸಿಸ್ಟರ್ ಕೇಳಿದ ಕ್ರಿಯಾಪದಗಳನ್ನೆಲ್ಲ ಗುರುಮಲ್ಲಮ್ಮ ತಪ್ಪಿಲ್ಲದೆ ಒಪ್ಪಿಸಿದಳು. ಆಮೇಲೆ ಸಿಸ್ಟರ್, ನಿನ್ನ ಗಂಡನ ಹೆಸರೇನು ಎಂದು ಫ್ರೆಂಚಿನಲ್ಲೇ ಕೇಳಿದರು.

"ಇಲ್ ಸಾ-ಪೆಲ್..." ಎಂದವಳು ಅಲ್ಲಿಗೇ ನಿಂತಳು. 'ಅವರ ಹೆಸರು' ಎನ್ನುವವರೆಗೆ ಬಂದಿತ್ತು. ಹೆಸರು ಮಾತ್ರ ಮದುವೆಯಾದಂದಿನಿಂದ ಬಾಯಿಗೆ ಬಂದದ್ದಿಲ್ಲ. ಇವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲವೆಂದುಕೊಂಡು ಸಿಸ್ಟರ್ ತಲೆಯಾಡಿಸಿದರು. ಬಾಗಿಲಲ್ಲಿದ್ದ ಮಂಟೇಸ್ವಾಮಿ, "ಯೋಳ್ಬುಡವ್ವ!" ಎಂದ. ಸಿಸ್ಟರ್ ಕೈಯೆತ್ತಿ ಅವನ ಬಾಯಿ ಮುಚ್ಚಿಸಿದರು.

ಕೆಲಸ ಕೈತಪ್ಪುತ್ತಿತ್ತು. ಗುರುಮಲ್ಲಮ್ಮ ಕಣ್ಣು ಮುಚ್ಚಿದಳು. ಬಲಗೈ ತಾನಾಗಿ ರಾಗಿ ಬೀಸುವಂತೆ ಗಾಳಿಯಲ್ಲಿ ಸುತ್ತತೊಡಗಿತು.

"ಪುಟ್. ಟ. ಮಲ್. ಲಪ್. ಪ."

ಒಂದೊಂದು ತುಂಡೂ ಬಿಡಿಬಿಡಿ. ಸಿಸ್ಟರ್ ಮುಖ ಅರಳಿತು. ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಾಳೆ, ಸೋಮವಾರದಿಂದ ಬರಲಿ ಎಂದರು.

ಮನೆಯಲ್ಲಿ ಗಂಡ ಕಾದು ಕೂತಿದ್ದ. "ಏನ್ ಕೇಳುದ್ರು?"

"ನಿಮ್ಮೆಸ್ರು."

"ಅಯ್ಯೋ! ಅಂದ್ಬುಟ್ಟಾ?"

"ಇಡೀದು ಅನ್ನನಿಲ್ಲ, ಚೂರು ಮಾಡ್ಕೊಟ್ಟೆ. ಸೋಮ್ವಾರದಿಂದ ಕೆಲ್ಸ. ರಾಗಿ ನೀವೇ ಬೀಸ್ಕಳಿ."